ಸಪೋರ್ಟ್ ಪ್ರಾಜೆಕ್ಟ್‌ನಲ್ಲೇ ಇದ್ದೆ ಅನ್ನೋ ಡೆವಲಪರ್ ತನ್ನ ಬಗ್ಗೆ ಒಂದು ಪೇಜ್ ಬರೆಯೋದು ಹೇಗೆ

ಪುಣೆಯ ಹಿಂಜವಡಿ, ಖರಾಡಿ, ಮಗರ್‌ಪಟ್ಟಾ ಕಡೆ ಕೆಲಸ ಮಾಡೋ ನಮ್ಮ ಕಡೆ ಹುಡುಗರು ಹುಡುಗಿಯರು, ಬೆಳಗಾವಿ ವಿಜಯಪುರ ಕಲಬುರಗಿ ಗದಗ ಹಿಂಗೆ ಎಲ್ಲಾ ಊರಿಂದ ಬಂದೋರು, ಕೆಲಸ ಬದಲಾಯಿಸೋ ಟೈಮ್ ಬಂದಾಗ ನಂಗೆ ರೆಸ್ಯೂಮೆ ಕಳಿಸ್ತಾರೆ, ಸರ್ ಒಂದ್ಸಲ ನೋಡ್ರಿ ಅಂತ. ನೋಡಿದ್ರೆ ಬಹಳಷ್ಟು ಒಂದೇ ಥರ ಇರ್ತವೆ. ಮೇಲೆ ಪ್ಯಾಶನೇಟ್ ಡೆವಲಪರ್, ಕ್ವಿಕ್ ಲರ್ನರ್, ಕೆಳಗೆ ಇಪ್ಪತ್ತೈದು ಟೆಕ್ನಾಲಜಿ ಹೆಸರು, ಕೊನೇಲಿ ಹವ್ಯಾಸ ಅಂತ ಸಂಗೀತ, ಪುಸ್ತಕ, ಕ್ರಿಕೆಟ್. ಹೆಸರು ಮುಚ್ಚಿದ್ರೆ ಯಾರದ್ದು ಯಾವುದು ಅಂತ ಗೊತ್ತಾಗಲ್ಲ. ಅದೇ ಹುಡುಗನ್ನ ವಾಕಡ್‌ನಲ್ಲಿ ಚಹಾಕ್ಕೆ ಕರ್ಕೊಂಡು ಹೋಗಿ ಹೋದ ವಾರ ಆಫೀಸ್‌ನಲ್ಲಿ ಏನಾಯ್ತಪ್ಪ ಅಂತ ಕೇಳ್ರಿ, ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಸರ್ವರ್ ಬಿದ್ದಿದ್ದು, ಯಾರಿಗೂ ಸಿಗದ ಬಗ್ ತಾನು ಹುಡುಕಿದ್ದು, ಅರ್ಧ ಗಂಟೆ ಕಣ್ಣರಳಿಸಿ ಹೇಳ್ತಾನೆ. ಆ ಅರ್ಧ ಗಂಟೆ ಮಾತು ರೆಸ್ಯೂಮೆಯೊಳಗೆ ಒಂದು ಅಕ್ಷರನೂ ಇರಲ್ಲ. ಯಾಕೆ ಬರೆದಿಲ್ಲ ಅಂದ್ರೆ, "ಅಯ್ಯೋ ಅದು ಸಪೋರ್ಟ್ ಪ್ರಾಜೆಕ್ಟ್ ಸರ್, ಬೇರೆಯವರು ಕಟ್ಟಿದ್ದನ್ನ ನೋಡ್ಕೊಳ್ಳೋ ಕೆಲಸ, ಅದ್ರಲ್ಲಿ ಬರೆಯೋದೇನಿದೆ."

ಈ ಮಾತು ಕೇಳಿದಾಗೆಲ್ಲ ನಂಗೆ ನೋವಾಗ್ತದೆ, ಅದಕ್ಕೇ ಇದನ್ನ ಬರೀತಾ ಇದ್ದೀನಿ. ನಾನು ಮೆಕ್ಯಾನಿಕಲ್ ಓದಿದೋನು, ಹುಬ್ಬಳ್ಳಿಯಲ್ಲಿ ಬಿಇ ಮುಗಿಸಿ 2009ರಲ್ಲಿ ಭೋಸರಿಯ ಒಂದು ಬಿಡಿಭಾಗದ ಫ್ಯಾಕ್ಟರಿಗೆ ಅಂತ ಪುಣೆಗೆ ಬಂದೆ, ಅಲ್ಲಿಂದ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನ ಆರು ತಿಂಗಳ ಡ್ಯಾಕ್ ಕೋರ್ಸ್ ಮಾಡಿ ಸಾಫ್ಟ್‌ವೇರ್‌ಗೆ ತಿರುಗಿದೆ, ಮೊದಲ ಐದು ವರ್ಷ ಹೊಸದಾಗಿ ಒಂದು ಸ್ಕ್ರೀನ್ ಕೂಡ ಕಟ್ಟಲಿಲ್ಲ, ಬೇರೆಯವರು ಬರೆದು ಬಿಟ್ಟುಹೋದ ಜಾವಾ ಕೋಡ್ ರಿಪೇರಿ ಮಾಡಿದ್ದೇ ಕೆಲಸ. ಅಲ್ಲಿ ಕಲಿತಿದ್ದೇ ಇವತ್ತಿಗೂ ನನ್ನ ಕೈ ಹಿಡಿದಿದೆ. ಬಹಳ ವರ್ಷ ನಾನೂ ಅದನ್ನ ಮುಚ್ಚಿಟ್ಟಿದ್ದೆ, ಬರೆದ ಮೇಲೆ ಇಂಟರ್‌ವ್ಯೂಗಳ ಮಾತುಕತೆನೇ ಬದಲಾಯ್ತು. ಹಾಗಾಗಿ ರೆಸ್ಯೂಮೆ ಪಕ್ಕಕ್ಕಿಡ್ರಿ, ಮೊದಲು ನಿಮ್ಮದೇ ಒಂದು ವೆಬ್ ಪೇಜ್ ಬರೀರಿ, ನಾನು ಯಾರು, ಏನು ಕೆಲಸ ಮಾಡಿದೀನಿ, ಏನು ಇಷ್ಟ ಅಂತ. ರೆಸ್ಯೂಮೆ ಅದರಿಂದ ತಾನೇ ಹುಟ್ತದೆ.

ಬರೆಯೋಕೆ ಕೂತ ತಕ್ಷಣ ಏನೂ ನೆನಪಾಗಲ್ಲ, ಇದು ಎಲ್ಲರಿಗೂ ಆಗ್ತದೆ. ಖಾಲಿ ಸ್ಕ್ರೀನ್ ನೋಡ್ತಾ ಕೂರಬೇಡ್ರಿ, ಮೊದಲು ಸಾಮಾನು ಜೋಡಿಸ್ರಿ. ಹಳೇ ಅಪ್ರೈಸಲ್ ಫಾರ್ಮ್‌ನಲ್ಲಿ ನೀವೇ ಬರೆದ ಸೆಲ್ಫ್ ರಿವ್ಯೂ ನೆನಪಿಸ್ಕೊಳ್ರಿ, ಈಗಿನ ಆಫೀಸ್‌ದು ಆದ್ರೆ ಗಿಟ್ ಲಾಗ್‌ನಲ್ಲಿ, ಅಂದ್ರೆ ಕೋಡ್ ಬದಲಾವಣೆಗಳ ದಾಖಲೆಯಲ್ಲಿ, ನಿಮ್ಮ ಹೆಸರಿನ ಕಮಿಟ್‌ಗಳನ್ನ ಒಂದ್ಸಲ ಮೇಲಿಂದ ಕೆಳಗೆ ಓದ್ರಿ. ಓದಿ ನೆನಪು ಮಾಡ್ಕೊಳ್ಳೋದಕ್ಕೆ ಮಾತ್ರ, ಕಂಪನಿ ಕೋಡ್ ಆಗಲಿ ಡಾಕ್ಯುಮೆಂಟ್ ಆಗಲಿ ಮನೆಗೆ ಕಳಿಸ್ಕೊಳ್ಳೋದು ಬೇಡವೇ ಬೇಡ.

ಇನ್ನೊಂದು ದಾರಿ ಇದೆ, ನಂಗೆ ಬಹಳ ಉಪಯೋಗ ಆಗಿದ್ದು ಇದೇ. ನಮ್ಮ ಫೀಲ್ಡ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ತಟ್ಟಿದ ಕೆಲವು ದಿನಗಳು ಇವೆ, ಆ ದಿನ ನಾನು ಎಲ್ಲಿದ್ದೆ ಅಂತ ಕೇಳ್ಕೊಳ್ರಿ. 2017ರ ಜುಲೈ 1, ಜಿಎಸ್‌ಟಿ ಜಾರಿ ಆದ ದಿನ. ವ್ಯಾಟ್, ಸರ್ವಿಸ್ ಟ್ಯಾಕ್ಸ್ ಎಲ್ಲಾ ತೆಗೆದು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿ ಅಂತ ಬಿಲ್ ಒಡೆಯಬೇಕಿತ್ತು, ಬಿಲ್ಲಿಂಗ್ ಸಾಫ್ಟ್‌ವೇರ್ ಮುಟ್ಟಿದ ಯಾರೂ ಆ ಜೂನ್ ತಿಂಗಳು ಮರೆತಿರಲ್ಲ. 2020ರ ಜನವರಿ 1ಕ್ಕೆ ಪೈಥಾನ್ 2 ಭಾಷೆಯ ಸಪೋರ್ಟ್ ನಿಂತುಹೋಯ್ತು, ಅದೇ ವರ್ಷದ ಕೊನೆ ದಿನ ವೆಬ್‌ನಲ್ಲಿ ವಿಡಿಯೋ, ಆಟ ಓಡಿಸ್ತಿದ್ದ ಅಡೋಬಿ ಫ್ಲ್ಯಾಶ್ ಹೋಯ್ತು. 2021ರ ಡಿಸೆಂಬರ್‌ನಲ್ಲಿ ಜಾವಾ ಪ್ರೋಗ್ರಾಂಗಳು ಲಾಗ್ ಬರೆಯೋಕೆ ಬಳಸೋ ಲಾಗ್4ಜೆ ಲೈಬ್ರರಿಯ ಭದ್ರತಾ ತೂತು ಹೊರಬಿದ್ದಾಗ ಜಾವಾದೋರೆಲ್ಲ ಶನಿವಾರ ಭಾನುವಾರ ಕೂತು ಯಾವ ಅಪ್ಲಿಕೇಶನ್‌ನೊಳಗೆ ಯಾವ ವರ್ಷನ್ ಅಡಗಿದೆ ಅಂತ ಹುಡುಕಿ ಪ್ಯಾಚ್ ಹಾಕಿದ್ರು, ಆ ತಿಂಗಳ 31ಕ್ಕೇ ವೆಬ್ ಸ್ಕ್ರೀನ್ ಕಟ್ಟೋ ಆಂಗ್ಯುಲರ್‌ಜೆಎಸ್‌ನ ಸಪೋರ್ಟೂ ಮುಗೀತು. 2022ರ ಜೂನ್ 15ಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ಬ್ರೌಸರ್‌ದೂ. ಈ ಪಟ್ಟಿ ಮುಂದಿಟ್ಟಾಗ ಹೊಸ ಪ್ರಾಜೆಕ್ಟ್‌ನವರಿಗಿಂತ ಸಪೋರ್ಟ್‌ನವರ ಹತ್ರನೇ ಕಥೆ ಜಾಸ್ತಿ ಇರ್ತದೆ. ಕಲಬುರಗಿಯ ಒಬ್ಬ ಹುಡುಗನಿಗೆ ಈ ಪ್ರಶ್ನೆ ಕೇಳಿದ್ದೆ, ಲಾಗ್4ಜೆ ಟೈಮಲ್ಲಿ ಏನು ಮಾಡಿದೆ ಅಂತ. ಹದಿನಾಲ್ಕು ಅಪ್ಲಿಕೇಶನ್ ತಾನೊಬ್ಬನೇ ಜಾಲಾಡಿ, ಒಂದರಲ್ಲಿ ಜಾರ್ ಅನ್ನೋ ಜಾವಾ ಪ್ಯಾಕೇಜ್ ಫೈಲ್ ಒಳಗೆ ಇನ್ನೊಂದು ಜಾರ್ ಸೇರ್ಕೊಂಡಿದ್ದನ್ನ ಹಿಡಿದಿದ್ದ. ರೆಸ್ಯೂಮೆಯಲ್ಲಿ ಏನಿತ್ತು ಗೊತ್ತಾ, "ಅಪ್ಲಿಕೇಶನ್ ಮೇಂಟೆನೆನ್ಸ್ ಚಟುವಟಿಕೆಗಳಲ್ಲಿ ಭಾಗವಹಿಸಿದ್ದೇನೆ."

ಸಾಮಾನು ಜೋಡಿಸಿದ ಮೇಲೆ ಮೊದಲ ವಾಕ್ಯ. ಮೊದಲ ವಾಕ್ಯದಲ್ಲಿ ನೀವು ಎಲ್ಲಿದೀರಿ, ಏನು ಕಟ್ತೀರಿ ಇಲ್ಲಾ ಏನು ರಿಪೇರಿ ಮಾಡ್ತೀರಿ, ಅದನ್ನ ಯಾರು ಬಳಸ್ತಾರೆ, ಇಷ್ಟು ಬಂದ್ರೆ ಸಾಕು. ನನ್ನ ಪೇಜ್‌ನಲ್ಲಿ ಹಿಂಗಿದೆ, "ಪುಣೆಯಲ್ಲಿ ಇದ್ದೀನಿ, ವಾಹನ ಡೀಲರ್‌ಗಳು ಬಿಡಿಭಾಗ ಆರ್ಡರ್ ಮಾಡೋ ವೆಬ್ ಸಿಸ್ಟಮ್‌ನ ಹಿಂದಿನ ಭಾಗ ನೋಡ್ಕೊಳ್ತೀನಿ, ಗೋಡೌನ್‌ನಲ್ಲಿ ನಿಂತಿರೋ ಮನುಷ್ಯ ಕ್ಯೂನಲ್ಲಿ ಕಾಯಬಾರದು ಅನ್ನೋದು ನನ್ನ ಜವಾಬ್ದಾರಿ." ಇದನ್ನ ಓದಿದೋರಿಗೆ ಗೋಡೌನ್ ಕಣ್ಣಿಗೆ ಕಾಣ್ತದೆ. ಫುಲ್ ಸ್ಟ್ಯಾಕ್ ಎಂಜಿನಿಯರ್ ಅಂದ್ರೆ ಏನೂ ಕಾಣಲ್ಲ. ನೀವು ಇನ್ಶೂರೆನ್ಸ್ ಕ್ಲೇಮ್ ಮೇಲೆ ಕೆಲಸ ಮಾಡಿದ್ರೆ ಕ್ಲೇಮ್ ಹಾಕಿದ ಮನುಷ್ಯನಿಂದ ಶುರು ಮಾಡ್ರಿ, ಆಸ್ಪತ್ರೆ ಬಿಲ್ ಆದ್ರೆ ಕೌಂಟರ್‌ನಲ್ಲಿ ಕೂತಿರೋರಿಂದ ಶುರು ಮಾಡ್ರಿ.

ಇನ್ನು ಕೆಲಸದ ಬಗ್ಗೆ. ಎಲ್ಲಾ ಪ್ರಾಜೆಕ್ಟೂ ಬರೀಬೇಕಿಲ್ಲ, ಮೂರು ನಾಲ್ಕು ಸಾಕು, ಆದ್ರೆ ಪ್ರತಿಯೊಂದನ್ನೂ ಪೂರ್ತಿ ಬರೀರಿ, ಏನು ಕೆಟ್ಟಿತ್ತು, ನೀವು ಏನು ನೋಡಿದ್ರಿ, ಏನು ಮಾಡಿದ್ರಿ, ಆಮೇಲೆ ಏನಾಯ್ತು ಅಂತ. ನನ್ನದೊಂದು ಹೇಳ್ತೀನಿ. ತಿಂಗಳ ಕೊನೆಯ ಒಂದು ರಿಪೋರ್ಟ್ 11 ನಿಮಿಷ ತಗೋತಿತ್ತು, ಎಲ್ಲರೂ ಸರ್ವರ್ ದೊಡ್ಡದು ಬೇಕು ಅಂತಿದ್ರು. ನಾನು ಡೇಟಾಬೇಸ್‌ನ ಎಕ್ಸ್‌ಪ್ಲೇನ್ ಪ್ಲಾನ್, ಅಂದ್ರೆ ಕ್ವೆರಿ ಹೆಂಗೆ ಓಡ್ತದೆ ಅನ್ನೋ ವಿವರ, ತೆಗೆದು ನೋಡಿದೆ, ತಾರೀಖಿನ ಕಾಲಮ್‌ಗೆ ಬೇಗ ಹುಡುಕೋಕೆ ಅಂತ ಇಂಡೆಕ್ಸ್ ಇತ್ತು ಆದ್ರೆ ಕ್ವೆರಿಯೊಳಗೆ ಆ ಕಾಲಮ್ ಮೇಲೆ ಒಂದು ಫಂಕ್ಷನ್ ಸುತ್ತಿದ್ರು, ಹಂಗಾಗಿ ಇಂಡೆಕ್ಸ್ ಬಳಕೆ ಆಗದೆ ಇಡೀ ಟೇಬಲ್ ಓದ್ತಿತ್ತು. ಫಂಕ್ಷನ್ ತೆಗೆದು ಇಲ್ಲಿಂದ ಇಲ್ಲಿವರೆಗೆ ಅಂತ ಎರಡು ತಾರೀಖು ಕೊಟ್ಟೆ, 50 ಸೆಕೆಂಡ್‌ಗೆ ಬಂತು. ಬದಲಾಗಿದ್ದು ಒಂದೇ ಸಾಲು. ಈ ಒಂದು ಸಾಲಿನ ಕಥೆ ಮೇಲೆ ಒಂದು ಇಂಟರ್‌ವ್ಯೂನಲ್ಲಿ ಇಪ್ಪತ್ತು ನಿಮಿಷ ಮಾತಾಡಿದ್ವಿ, ಎದುರಿಗಿದ್ದೋರೂ ಅದೇ ಪೆಟ್ಟು ತಿಂದೋರಾಗಿದ್ರು.

ನಂಬರ್ ಬರೆಯೋವಾಗ ಒಂದು ಕಟ್ಟುನಿಟ್ಟು ಇಟ್ಕೊಳ್ರಿ, ಅಳೆದಿದ್ದರೆ ಮಾತ್ರ ಬರೀರಿ. 40 ಪರ್ಸೆಂಟ್ ಫಾಸ್ಟ್ ಮಾಡಿದೆ ಅಂತ ಬಹಳ ಜನ ಬರೀತಾರೆ, ಯಾವುದರ 40, ಯಾವಾಗ ಅಳೆದಿದ್ದು ಅಂತ ಕೇಳಿದ್ರೆ ಉತ್ತರ ಇರಲ್ಲ, ಅಲ್ಲಿಗೆ ಉಳಿದ ಪೇಜ್ ಮೇಲಿನ ನಂಬಿಕೆನೂ ಹೋಗ್ತದೆ. ಅಳೆದಿಲ್ಲ ಅಂದ್ರೆ "ಮೊದಲು ದಿನಾ ಬರ್ತಿದ್ದ ಕಂಪ್ಲೇಂಟ್ ನಿಂತುಹೋಯ್ತು" ಅಂತ ಬರೀರಿ, ಅದೂ ಗಟ್ಟಿ ಮಾತೇ. ಹಾಗೇ ನಾನು ಅನ್ನೋದು ಎಲ್ಲಿ, ನಾವು ಅನ್ನೋದು ಎಲ್ಲಿ ಅಂತ ಯೋಚಿಸಿ ಬರೀರಿ. ಆರು ಜನ ಸೇರಿ ಮಾಡಿದ್ದಾದ್ರೆ ಆರು ಜನ ಅಂತನೇ ಇರಲಿ, ಅದರಲ್ಲಿ ನಿಮ್ಮ ಪಾಲು ಯಾವುದು ಅಂತ ಒಂದು ವಾಕ್ಯ ಸೇರಿಸಿ.

ಈಗ ಒಂದು ಎಚ್ಚರಿಕೆ, ಇದನ್ನ ದಯವಿಟ್ಟು ಗಂಭೀರವಾಗಿ ತಗೊಳ್ರಿ. ಸರ್ವಿಸ್ ಕಂಪನಿಯಲ್ಲಿರೋ ಹೆಚ್ಚಿನೋರು ಸೇರೋವಾಗಲೇ ಗೌಪ್ಯತೆ ಒಪ್ಪಂದಕ್ಕೆ ಸೈನ್ ಹಾಕಿರ್ತಾರೆ. ನಂಗೆ ಪರಿಚಯದ ಒಬ್ಬ ಹುಡುಗಿ ತಾನು ಮಾಡಿದ ಡ್ಯಾಶ್‌ಬೋರ್ಡ್ ಸ್ಕ್ರೀನ್‌ಶಾಟ್ ತನ್ನ ಪೇಜ್‌ಗೆ ಹಾಕಿದ್ಲು, ಅದ್ರಲ್ಲಿ ಮೂಲೇಲಿ ಕ್ಲೈಂಟ್ ಲೋಗೋ, ಟೇಬಲ್‌ನಲ್ಲಿ ನಾಲ್ಕು ನಿಜವಾದ ಗ್ರಾಹಕರ ಹೆಸರು. ಎರಡನೇ ದಿನ ಎಚ್‌ಆರ್ ಕರೆದ್ರು, ಪೇಜ್ ತೆಗೆಸಿದ್ರು, ಬರೆದುಕೊಡು ಅಂದ್ರು, ಪಾಪ ಒಂದು ತಿಂಗಳು ನಿದ್ದೆ ಮಾಡಿಲ್ಲ. ಹಂಗಾಗಿ ಕ್ಲೈಂಟ್ ಹೆಸರು ಬಿಡ್ರಿ, ಯುರೋಪಿನ ಒಂದು ಬ್ಯಾಂಕ್, ವಾಹನ ಬಿಡಿಭಾಗದ ಒಂದು ಕಂಪನಿ ಅಂದ್ರೆ ಸಾಕು. ಸ್ಕ್ರೀನ್‌ಶಾಟ್ ಬೇಕೇಬೇಕು ಅಂದ್ರೆ ಅದೇ ಐಡಿಯಾವನ್ನ ಸುಳ್ಳು ಡೇಟಾ ಹಾಕಿ ನಿಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಚಿಕ್ಕದಾಗಿ ಮೊದಲಿಂದ ಕಟ್ಟಿ ತೋರಿಸ್ರಿ, ಹಂಗೆ ಕಟ್ಟೋವಾಗ ಆಫೀಸ್ ಕೋಡ್ ಒಂದು ಸಾಲೂ ಬರಬಾರದು. ಭದ್ರತೆಗೆ ಸಂಬಂಧಪಟ್ಟ ರಿಪೇರಿ ಆದ್ರೆ ಯಾವ ತೂತು ಯಾವ ಸಿಸ್ಟಮ್‌ನಲ್ಲಿ ಅನ್ನೋ ವಿವರನೂ ಬೇಡ.

ಟೆಕ್ನಾಲಜಿ ಪಟ್ಟಿ ಬಗ್ಗೆ ಹೆಚ್ಚೇನಿಲ್ಲ. ಮೂರು ವಾಕ್ಯ ಮಾಡ್ರಿ. ದಿನಾ ಬಳಸೋದು ಇಷ್ಟು, ಮೊದಲು ಬಳಸಿದ್ದೆ ಒಂದು ವಾರ ಕೊಟ್ರೆ ಮತ್ತೆ ಕೈಗೆ ಬರ್ತದೆ ಅನ್ನೋದು ಇಷ್ಟು, ಈಗ ಕಲೀತಾ ಇರೋದು ಇದು. ವೆಬ್ ಕಟ್ಟೋ ಜಾವಾಸ್ಕ್ರಿಪ್ಟ್ ಸಾಧನಗಳಲ್ಲಿ ಜೆಕ್ವೆರಿ 2006ರದ್ದು, ನೋಡ್‌ಜೆಎಸ್ 2009, ರಿಯಾಕ್ಟ್ 2013, ನಾನು ನೋಡ್ತಾ ನೋಡ್ತಾ ಒಂದರ ಮೇಲೊಂದು ಬಂದ್ವು, ಹಳೇದು ಬರೆದ್ರೆ ನಾಚಿಕೆ ಅಂತ ಜೆಕ್ವೆರಿ ಅಳಿಸೋರಿಗೆ ನಾನು ಹೇಳೋದು, ಅಳಿಸಬೇಡ್ರಿ, ಜೆಕ್ವೆರಿ ಪೇಜನ್ನ ರಿಯಾಕ್ಟ್‌ಗೆ ತಂದೋರು ಅಂದ್ರೆ ಎರಡೂ ಕಡೆ ನೀರು ಕುಡಿದೋರು, ಅಂಥೋರು ಬೇಕಾಗಿರೋ ಕಂಪನಿ ಬಹಳ ಇವೆ. ಜಾವಾಸ್ಕ್ರಿಪ್ಟ್‌ಗೆ 10ರಲ್ಲಿ 9 ಸ್ಟಾರ್ ಅಂತ ನೀವೇ ನಿಮಗೆ ಮಾರ್ಕ್ಸ್ ಕೊಡೋದು ಮಾತ್ರ ಬಿಡ್ರಿ, ಅದನ್ನ ಓದಿ ಯಾರಿಗೂ ಏನೂ ಗೊತ್ತಾಗಲ್ಲ.

ಓದಿದ್ದು ಬೇರೆ, ಮಾಡೋದು ಬೇರೆ ಆಗಿದ್ರೆ ಅದನ್ನ ನೇರವಾಗಿ ಬರೀರಿ. ಡಿಪ್ಲೊಮಾ ಮಾಡಿದೋರು, ಸಿವಿಲ್ ಓದಿದೋರು, ಬಿಎಸ್ಸಿ ಓದಿ ಟೆಸ್ಟಿಂಗ್‌ನಿಂದ ಡೆವಲಪ್‌ಮೆಂಟ್‌ಗೆ ಬಂದೋರು, ಮಧ್ಯ ಎರಡು ವರ್ಷ ಮಗು ಅಂತ ಕೆಲಸ ಬಿಟ್ಟೋರು, ಎಲ್ಲರೂ ಆ ಜಾಗನ ಹೆಂಗೋ ಮರೆಮಾಚೋಕೆ ನೋಡ್ತಾರೆ, ತಾರೀಖು ಹಿಂದೆಮುಂದೆ ಮಾಡ್ತಾರೆ. ತಾರೀಖು ತಿದ್ದೋದು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಬೀಳ್ತದೆ, ಆಫರ್ ಕೈಗೆ ಬಂದ ಮೇಲೆ ಹೋಗ್ತದೆ. ಒಂದೇ ವಾಕ್ಯ ಸಾಕು, "2018ರಿಂದ 2020 ಮಗಳ ಸಲುವಾಗಿ ಮನೆಯಲ್ಲಿದ್ದೆ." ಅದಕ್ಕೆ ಕಾರಣ, ಸಮಜಾಯಿಷಿ ಏನೂ ಬೇಕಿಲ್ಲ. ಫ್ಯಾಕ್ಟರಿಯಲ್ಲಿ ನಾನು ಕಳೆದ ಎರಡು ವರ್ಷನೂ ಹಂಗೇ ಒಂದು ಸಾಲಲ್ಲಿ ಬರೆದಿದೀನಿ, ಬಿಡಿಭಾಗದ ಟ್ರೇ ಕೈಯಲ್ಲಿ ಹಿಡಿದು ಎಣಿಸಿದೋನಿಗೆ ಸ್ಟಾಕ್ ಲೆಕ್ಕ ಯಾಕೆ ತಪ್ತದೆ ಅಂತ ಗೊತ್ತಿರ್ತದೆ, ಡೀಲರ್ ಸಿಸ್ಟಮ್ ಕೆಲಸ ಸಿಕ್ಕಿದ್ದಕ್ಕೆ ಅದೂ ಒಂದು ಕಾರಣ ಅಂತ ಆಮೇಲೆ ಮ್ಯಾನೇಜರ್ ಹೇಳಿದ್ರು.

ಆಸಕ್ತಿಗಳ ಭಾಗಕ್ಕೆ ಬರೋಣ. ಇಲ್ಲಿ ನನ್ನ ಅಳತೆ ಒಂದೇ, ಆ ಆಸಕ್ತಿಗೆ ಎಲ್ಲಾದ್ರೂ ಗುರುತು ಉಳಿದಿದೆಯಾ. ಸಂಗೀತ ಕೇಳೋದು ಅಂತ ಬರೀಬೇಡ್ರಿ. ಹುಬ್ಬಳ್ಳಿ-ಧಾರವಾಡದ ಕಡೆಯೋರಾಗಿ ಪುಣೆಯಲ್ಲಿದ್ದು ಪ್ರತಿ ಡಿಸೆಂಬರ್ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗ್ತೀರಿ ಅಂದ್ರೆ ಅದನ್ನೇ ಬರೀರಿ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ, ನಮ್ಮ ಗದಗಿನ ಭೀಮಸೇನ ಜೋಶಿ 1953ರಲ್ಲಿ ಇಲ್ಲಿ ಶುರು ಮಾಡಿದ ಉತ್ಸವ ಅದು, ಆ ಚಳಿಯಲ್ಲಿ ಶಾಲು ಹೊದ್ದು ಕೂತು ಕೇಳಿದೋರಿಗೆ ಆ ಒಂದು ವಾಕ್ಯದಿಂದಲೇ ನೀವು ಯಾರು ಅಂತ ಗೊತ್ತಾಗ್ತದೆ. ಟ್ರೆಕಿಂಗ್ ಅನ್ನೋದೂ ಹಂಗೇ, ಪುಣೆಯಲ್ಲಿ ಸಿಂಹಗಡ ಹತ್ತದೇ ಇರೋರು ಯಾರಿದಾರೆ. ವಿಜಯಪುರದ ಒಬ್ಬ ಹುಡುಗಿ ಏನು ಬರೆದಿದ್ಲು ಅಂದ್ರೆ, ರಾಜಗಡ ತೋರಣ ಕಡೆ ಹೋದಾಗೆಲ್ಲ ಕೋಟೆ ಮೇಲಿನ ನೀರಿನ ತೊಟ್ಟಿ ಎಲ್ಲಿದೆ ಅಂತ, ಯಾರು ಬೇಕಾದ್ರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತು ಹಾಕಿ ಬರ್ತೀನಿ ಅಂತ, ಜೊತೆಗೆ ಅವಳ ಎಡಿಟ್‌ಗಳ ಲಿಂಕ್. ಅವಳಿಗೆ ಮ್ಯಾಪ್ ಡೇಟಾ ಕೆಲಸವೇ ಸಿಕ್ತು. ಎಲ್ಲಾ ಹವ್ಯಾಸನೂ ಕೆಲಸಕ್ಕೆ ಜೋಡಿಸ್ಬೇಕು ಅಂತ ನಾನು ಹೇಳ್ತಿಲ್ಲ, ಮನೇಲಿ ಜೋಳದ ರೊಟ್ಟಿ ಬಡಿಯೋಕೆ ಕಲ್ತೆ ಅನ್ನೋದು ಖುಷಿ ಕೊಟ್ಟಿದ್ರೆ ಅದೂ ಇರಲಿ. ಕನ್ನಡ ವಿಕಿಪೀಡಿಯಾದಲ್ಲಿ ನಿಮ್ಮ ಊರಿನ ಬಗ್ಗೆ ನಾಲ್ಕು ಪ್ಯಾರಾ ಸೇರಿಸಿದ್ರೆ, ಕನ್ನಡ ಸಂಘದ ಕಾರ್ಯಕ್ರಮಕ್ಕೆ ರಿಜಿಸ್ಟ್ರೇಶನ್ ಫಾರ್ಮ್ ಮಾಡಿಕೊಟ್ಟಿದ್ರೆ, ಓಪನ್ ಸೋರ್ಸ್ ಪ್ರಾಜೆಕ್ಟ್ ಒಂದರ ಡಾಕ್ಯುಮೆಂಟ್‌ನಲ್ಲಿ ತಪ್ಪು ತಿದ್ದಿದ್ರೆ, ಎಲ್ಲಾ ಸೇರಿಸ್ರಿ.

ನನ್ನ ಸ್ವಂತ ಆಸಕ್ತಿ ವೆಬ್ ಮೇಲೆ ಕನ್ನಡ ಸರಿಯಾಗಿ ಕಾಣಬೇಕು ಅನ್ನೋದು, ಹಂಗಾಗಿ ಈ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ತಗೋತೀನಿ. ನಿಮ್ಮ ಪೇಜ್ ಇಂಗ್ಲಿಷ್‌ನಲ್ಲಿ ಇರ್ತದೆ, ಇರಲಿ, ಕೆಲಸ ಕೊಡೋರು ಓದಬೇಕಲ್ಲ. ಆದ್ರೆ ಪಕ್ಕದಲ್ಲಿ ಅದೇ ಪೇಜ್ ಕನ್ನಡದಲ್ಲೂ ಇಡ್ರಿ. ಊರಲ್ಲಿ ಓದ್ತಾ ಇರೋ ನಿಮ್ಮ ತಮ್ಮನೋ ತಂಗಿಯೋ ಡೆವಲಪರ್ ಅಂದ್ರೆ ದಿನಾ ಏನು ಮಾಡ್ತಾರೆ ಅಂತ ತನ್ನ ಭಾಷೆಯಲ್ಲಿ ಓದೋಕೆ ಎಷ್ಟು ಕಡೆ ಸಿಗ್ತದೆ ಹೇಳ್ರಿ. ಇನ್ನೊಂದು ಲಾಭ, ಕನ್ನಡ ಪೇಜ್ ಸರಿಯಾಗಿ ಮಾಡೋಕೆ ಹೋದ್ರೆ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡೋ ಯುನಿಕೋಡ್ ಅಂದ್ರೆ ಏನು ಅಂತ ಕೈಯಾರೆ ಗೊತ್ತಾಗ್ತದೆ. ನಾವಿರೋ ಊರೂ ಅದಕ್ಕೆ ಸಂಬಂಧಪಟ್ಟಿದ್ದೇ, ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ತಂಡ ಡಾಸ್ ಕಾಲದಲ್ಲೇ ಭಾರತೀಯ ಲಿಪಿಗಳನ್ನ ಕಂಪ್ಯೂಟರ್‌ಗೆ ತರೋ ಕೆಲಸ ಮಾಡಿತ್ತು, ಯುನಿಕೋಡ್‌ನಲ್ಲಿ ನಮ್ಮ ಲಿಪಿಗಳ ಅಕ್ಷರ ಜೋಡಣೆ ನಿಂತಿರೋದೂ ಭಾರತದ ಇಸ್ಕಿ ಸ್ಟ್ಯಾಂಡರ್ಡ್ ಮೇಲೇ.

ಒಂದು ಉದಾಹರಣೆ ತಗೊಳ್ರಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಓದೋಕೆ ನಾಲ್ಕು ಅಕ್ಷರ, ಲ, ಕ್ಷ್ಮೇ, ಶ್ವ, ರ. ಯುನಿಕೋಡ್‌ಗೆ ಅದು 11 ಕೋಡ್, ಯಾಕಂದ್ರೆ ಪ್ರತಿ ಹಲಂತ ಚಿಹ್ನೆ, ಪ್ರತಿ ಸ್ವರ ಚಿಹ್ನೆ ಬೇರೆ ಬೇರೆ ಲೆಕ್ಕ, ಜಾವಾಸ್ಕ್ರಿಪ್ಟ್‌ನಲ್ಲಿ ಲೆಂತ್ ಕೇಳಿದ್ರೆ 11 ಅಂತದೆ. ಆ ಕೋಡ್‌ಗಳನ್ನ ಬೈಟ್‌ಗೆ ಇಳಿಸೋ ಯುಟಿಎಫ್-8ನಲ್ಲಿ ಒಂದೊಂದು ಕನ್ನಡ ಕೋಡ್‌ಗೂ 3 ಬೈಟ್, ಅಂದ್ರೆ ಒಟ್ಟು 33 ಬೈಟ್. ಈಗ ಊರಿನ ಹೆಸರಿಗೆ 30 ಸಾಕು ಅಂತ ಯಾರೋ ಒರಾಕಲ್ ಡೇಟಾಬೇಸ್‌ನಲ್ಲಿ ಟೇಬಲ್ ಮಾಡಿದಾರೆ ಅನ್ಕೊಳ್ರಿ, ಅಲ್ಲಿ ಅಕ್ಷರ ಇಡೋ ವರ್ಚಾರ್2 ಕಾಲಮ್ ಡೀಫಾಲ್ಟ್ ಆಗಿ ಬೈಟ್ ಲೆಕ್ಕ ಹಿಡಿತದೆ, ನಾಲ್ಕೇ ಅಕ್ಷರದ ಲಕ್ಷ್ಮೇಶ್ವರ ಅದ್ರೊಳಗೆ ಹಿಡಿಸಲ್ಲ, ಎರರ್ ಬರ್ತದೆ. ನಂಗೆ ಇದು ನಿಜವಾಗಿ ಎದುರಾಗಿತ್ತು, ಅರ್ಧ ದಿನ ತಲೆ ಕೆಡಿಸ್ಕೊಂಡ ಮೇಲೆ ಬೈಟ್ ಬದಲು ಕ್ಯಾರೆಕ್ಟರ್ ಲೆಕ್ಕಕ್ಕೆ ಕಾಲಮ್ ಬದಲಾಯಿಸಿದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಬೇರೆ ತೊಂದರೆ, ಅದರ ಹಳೇ ಯುಟಿಎಫ್8 ಅನ್ನೋದು 3 ಬೈಟ್‌ವರೆಗೆ ಮಾತ್ರ ಹಿಡಿತದೆ, ಕನ್ನಡ ಹಿಡಿಸ್ತದೆ ಆದ್ರೆ ಯಾರಾದ್ರೂ ಹೆಸರಿನ ಮುಂದೆ ಎಮೋಜಿ ಹಾಕಿದ್ರೆ ಅದು 4 ಬೈಟ್, ಅಲ್ಲಿ ಬೀಳ್ತದೆ, ಅದಕ್ಕೆ ಯುಟಿಎಫ್8ಎಂಬಿ4 ಬಳಸ್ಬೇಕು. ಇಂಥದ್ದೊಂದು ನಿಮ್ಮ ಪೇಜ್‌ನಲ್ಲಿ ಬರೆದ್ರೆ ಡೇಟಾಬೇಸ್ ಗೊತ್ತು ಅಂತ ಬೇರೆ ಹೇಳ್ಬೇಕಾಗಿಲ್ಲ.

ಕನ್ನಡ ಪೇಜ್‌ಗೆ ಕೆಲವು ಕೈಕೆಲಸ ಹೇಳ್ತೀನಿ. ಎಚ್‌ಟಿಎಂಎಲ್‌ನ ಲ್ಯಾಂಗ್ ಆಟ್ರಿಬ್ಯೂಟ್‌ನಲ್ಲಿ ಕನ್ನಡದ ಎರಡಕ್ಷರದ ಕೋಡ್ ಕೊಡ್ರಿ, ಕಣ್ಣು ಕಾಣದೋರಿಗೆ ಪೇಜ್ ಓದಿ ಹೇಳೋ ಸ್ಕ್ರೀನ್ ರೀಡರ್ ಸರಿಯಾದ ದನಿಯಲ್ಲಿ ಓದಬೇಕಾದ್ರೆ ಅದು ಬೇಕು. ಕ್ಯಾರೆಕ್ಟರ್ ಸೆಟ್ ಯುಟಿಎಫ್-8. ಸಾಲಿನ ಎತ್ತರ ಇಂಗ್ಲಿಷ್‌ಗೆ 1.4 ಇಟ್ರೂ ನಡೀತದೆ, ಕನ್ನಡಕ್ಕೆ 1.7ರ ಆಸುಪಾಸು ಇಡ್ರಿ, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತಕ್ಷರ ಬಂದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗ್ತದೆ. ಲೆಟರ್ ಸ್ಪೇಸಿಂಗ್ ಸೊನ್ನೆ. ಇಟ್ಯಾಲಿಕ್ ಬೇಡ, ನಮ್ಮ ಲಿಪಿಯಲ್ಲಿ ಅದು ಇಲ್ಲ, ಬ್ರೌಸರ್ ಸುಮ್ಮನೆ ಅಕ್ಷರನ ವಾಲಿಸ್ತದೆ, ನೋಡೋಕೆ ಬಿದ್ದಂಗೆ ಕಾಣ್ತದೆ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ ಎಲ್ಲಾ ಕಡೆ ನಂಬಬಹುದು, ತಲೆಬರಹಕ್ಕೆ ಸ್ವಲ್ಪ ಚಂದ ಬೇಕಂದ್ರೆ ಮುಂಬೈನ ಏಕ್ ಟೈಪ್ ಅವರು ಮಾಡಿದ ಅನೇಕ್ ಕನ್ನಡ, ಬಾಲೂ ತಮ್ಮ ಎರಡೂ ಫ್ರೀ ಇವೆ, ನಂಗೆ ಅನೇಕ್ ಬಹಳ ಇಷ್ಟ. ಇನ್ನು ಸಾಫ್ಟ್‌ವೇರ್ ಅನ್ನೋ ಪದ ಟೈಪ್ ಮಾಡಿ ನೋಡ್ರಿ, ಟ್ ಆದ ಮೇಲೆ ಜೀರೋ ವಿಡ್ತ್ ನಾನ್-ಜಾಯ್ನರ್ ಅನ್ನೋ ಕಣ್ಣಿಗೆ ಕಾಣದ, ಅಕ್ಷರ ಬಿಡಿಸೋ ಚಿಹ್ನೆ ಹಾಕದಿದ್ರೆ ವ ಅಕ್ಷರನೂ ಒತ್ತಾಗಿ ಹೋಗಿಬಿಡ್ತದೆ. ರ‍್ಯಾಂಕ್ ಅನ್ನೋದಕ್ಕೆ ಇದರ ಉಲ್ಟಾ, ಅಲ್ಲಿ ರ ಆದ ಮೇಲೆ ಜಾಯ್ನರ್ ಬೇಕು, ಇಲ್ಲಾಂದ್ರೆ ಕಾರ್ಯ ಅನ್ನೋದ್ರಲ್ಲಿ ಬರೋ ಅರ್ಕಾವತ್ತು ಬರ್ತದೆ. ನಮ್ಮ ಕೆಲಸದ ಹೆಸರನ್ನೇ ತಪ್ಪಾಗಿ ಬರೆದ್ರೆ ಹೆಂಗೆ. ಹಳೇ ನುಡಿ ಫೈಲ್‌ನಲ್ಲಿ ಬರೆದಿಟ್ಟ ಕನ್ನಡ ಇದ್ರೆ ಅದನ್ನ ನೇರವಾಗಿ ಅಂಟಿಸಬೇಡ್ರಿ, ಯುನಿಕೋಡ್ ಅಲ್ಲದ ಹಳೇ ಫಾಂಟ್‌ಗಳಲ್ಲಿ ಒಳಗಿರೋದು ಇಂಗ್ಲಿಷ್ ಕೋಡ್, ಫಾಂಟ್ ಮಾತ್ರ ಕನ್ನಡ ತೋರಿಸ್ತಿರ್ತದೆ, ವೆಬ್‌ಗೆ ಬಂದ ತಕ್ಷಣ ಚೆಲ್ಲಾಪಿಲ್ಲಿ ಆಗ್ತದೆ, ಮೊದಲು ಯುನಿಕೋಡ್‌ಗೆ ಕನ್ವರ್ಟ್ ಮಾಡ್ಕೊಂಡು ಆಮೇಲೆ ಒಂದೊಂದು ಸಾಲೂ ಓದಿ ತಿದ್ದಿ.

ಕಟ್ಟೋದಕ್ಕೆ ದೊಡ್ಡ ಫ್ರೇಮ್‌ವರ್ಕ್ ಏನೂ ಬೇಕಿಲ್ಲ. ನೀವು ದಿನಾ ಆಫೀಸ್‌ನಲ್ಲಿ ಏನೇ ಬಳಸ್ರಿ, ಇದಕ್ಕೆ ಒಂದು ಎಚ್‌ಟಿಎಂಎಲ್ ಫೈಲ್, ಒಂದು ಸಿಎಸ್‌ಎಸ್ ಫೈಲ್ ಸಾಕು. ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ ಸರ್ನ್ ಅನ್ನೋ ಸಂಶೋಧನಾ ಕೇಂದ್ರದಲ್ಲಿ 1990ರ ಕೊನೆಗೆ ಮಾಡಿದ ಮೊದಲ ವೆಬ್‌ಸೈಟ್ ಬರೀ ಎಚ್‌ಟಿಎಂಎಲ್, ಅದರ ಕಾಪಿ ಇವತ್ತಿನ ಫೋನ್‌ನಲ್ಲೂ ಓಪನ್ ಆಗ್ತದೆ, ನಾನು ಹತ್ತು ವರ್ಷದ ಹಿಂದೆ ಫ್ಯಾಶನ್‌ನಲ್ಲಿದ್ದ ಬಿಲ್ಡ್ ಟೂಲ್ ಹಾಕಿ ಮಾಡಿದ ಪೇಜ್ ಮಾತ್ರ ಈಗ ಬಿಲ್ಡೇ ಆಗಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ ಪಬ್ಲಿಕ್ ರೆಪೊ, ಅಂದ್ರೆ ಎಲ್ಲರಿಗೂ ಕಾಣೋ ಕೋಡ್ ಫೋಲ್ಡರ್, ಇದ್ರೆ ದುಡ್ಡಿಲ್ಲದೆ ಇಡಬಹುದು, ಎಚ್‌ಟಿಟಿಪಿಎಸ್ ಕೂಡ ಜೊತೆಗೇ ಬರ್ತದೆ. ಸ್ವಂತ ಡೊಮೈನ್ ತಗೊಂಡ್ರೆ ಒಳ್ಳೇದು, ಆದ್ರೆ ರಿನ್ಯೂವಲ್ ತಾರೀಖು ಕ್ಯಾಲೆಂಡರ್‌ಗೆ ಹಾಕ್ರಿ, ಮರೆತರೆ ನಿಮ್ಮ ಹೆಸರಿನ ವಿಳಾಸ ಬೇರೆ ಯಾರದ್ದೋ ಕೈಗೆ ಹೋಗ್ತದೆ. ಫೋಟೋ ಹಾಕೋದಾದ್ರೆ ಕ್ಯಾಮೆರಾದಿಂದ ಬಂದಂಗೇ 5 ಎಂಬಿ ಹಾಕಬೇಡ್ರಿ, ಚಿಕ್ಕದು ಮಾಡಿ ಹಾಕ್ರಿ, ಚಿತ್ರ ಕಾಣದೋರಿಗೆ ಅದನ್ನ ವಿವರಿಸೋ ಆಲ್ಟ್ ಟೆಕ್ಸ್ಟ್ ಬರೀರಿ. ಬೂದು ಬಣ್ಣದ ಅಕ್ಷರ ಬಿಳಿ ಮೇಲೆ ಇಡೋ ಆಸೆ ಇದ್ರೆ ಕಾಂಟ್ರಾಸ್ಟ್ ಅಳೆದು ನೋಡ್ರಿ, ವೆಬ್ ಎಲ್ಲರಿಗೂ ಬಳಸೋಕೆ ಆಗ್ಬೇಕು ಅನ್ನೋ ಡಬ್ಲ್ಯುಸಿಎಜಿ ನಿಯಮಗಳ ಪ್ರಕಾರ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಬೇಕು. ಆಮೇಲೆ ಮನೇಲಿರೋ ಅತಿ ಹಳೇ ಆಂಡ್ರಾಯ್ಡ್ ಫೋನ್ ತಗೊಂಡು, ವೈಫೈ ಆಫ್ ಮಾಡಿ, ತೆರೆದು ನೋಡ್ರಿ. ನಾನು ಸ್ವಾರಗೇಟ್‌ನಿಂದ ಹುಬ್ಬಳ್ಳಿ ಬಸ್ ಹತ್ತಿ ಖಂಬಾಟ್ಕಿ ಘಾಟ್‌ನಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡೋವಾಗ ನನ್ನ ಪೇಜ್ ತೆರೆದು ಪರೀಕ್ಷೆ ಮಾಡ್ತೀನಿ, ಅಲ್ಲಿ ತೆರೆದ್ರೆ ಎಲ್ಲಾ ಕಡೆ ತೆರೀತದೆ.

ನಮ್ಮಲ್ಲಿ ಲಿಂಕ್ ಓಡಾಡೋದು ವಾಟ್ಸಾಪ್‌ನಲ್ಲಿ, ಹಂಗಾಗಿ ಲಿಂಕ್ ಪ್ರಿವ್ಯೂಗೆ ಬೇಕಾದ ಓಪನ್ ಗ್ರಾಫ್ ಟ್ಯಾಗ್‌ಗಳನ್ನ ಹಾಕಿ, ಶೀರ್ಷಿಕೆ, ಒಂದು ಸಾಲಿನ ವಿವರಣೆ, ಒಂದು ಚಿತ್ರ. ನಿಮಗೆ ನೀವೇ ಕಳಿಸ್ಕೊಂಡು ಪ್ರಿವ್ಯೂ ಹೆಂಗೆ ಬರ್ತದೆ ನೋಡ್ರಿ. ಸಂಪರ್ಕಕ್ಕೆ ಒಂದು ಈಮೇಲ್ ಸಾಕು. ಫೋನ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನ, ಅಪ್ಪನ ಹೆಸರು ಇವು ಯಾವುದೂ ಪಬ್ಲಿಕ್ ಪೇಜ್‌ನಲ್ಲಿ ಬೇಡ, ಹಳೇ ಬಯೋಡೇಟಾ ಫಾರ್ಮ್ಯಾಟ್‌ನ ಅಭ್ಯಾಸದಿಂದ ಬಹಳ ಜನ ಇನ್ನೂ ಹಾಕ್ತಾರೆ, ವಿಶೇಷವಾಗಿ ಹುಡುಗಿಯರು ಇದನ್ನ ಎರಡೆರಡು ಸಲ ನೋಡ್ಕೊಳ್ರಿ. ಪಿಡಿಎಫ್ ರೆಸ್ಯೂಮೆ ಇಟ್ರೆ ಅದ್ರೊಳಗಿನ ಅಕ್ಷರ ಮೌಸ್‌ನಿಂದ ಸೆಲೆಕ್ಟ್ ಆಗ್ತದಾ ನೋಡ್ರಿ, ಚಿತ್ರ ಆಗಿದ್ರೆ ಕಂಪನಿಗಳ ಸಾಫ್ಟ್‌ವೇರ್‌ಗೆ ಅದು ಖಾಲಿ ಹಾಳೆ ಕಂಡಂಗೆ.

ಬರೆದು ಮುಗಿದ ಮೇಲೆ ಒಂದು ರಾತ್ರಿ ಬಿಡ್ರಿ, ಬೆಳಿಗ್ಗೆ ಜೋರಾಗಿ ಓದ್ರಿ. ಬಾಯಲ್ಲಿ ಹೇಳೋಕೆ ಆಗದೇ ಇರೋ ವಾಕ್ಯ ಸಿಗ್ತವೆ, ಅವನ್ನ ತೆಗೆದು ನೀವು ಚಹಾ ಅಂಗಡಿಯಲ್ಲಿ ಹೆಂಗೆ ಹೇಳ್ತಿದ್ರಿ ಹಂಗೆ ಬರೀರಿ. ಆಮೇಲೆ ನಿಮ್ಮ ಜೊತೆ ಕೆಲಸ ಮಾಡಿದ ಒಬ್ಬರಿಗೆ, ಕಂಪ್ಯೂಟರ್ ಗೊತ್ತಿಲ್ಲದ ಒಬ್ಬರಿಗೆ ಓದೋಕೆ ಕೊಡ್ರಿ. ಮೊದಲನೆಯವರಿಗೆ ಇದ್ರಲ್ಲಿ ಹೆಚ್ಚು ಹೇಳಿದೀನಾ, ಕಮ್ಮಿ ಹೇಳಿದೀನಾ ಅಂತ ಕೇಳ್ರಿ. ಎರಡನೆಯವರಿಗೆ ನಾನೇನು ಕೆಲಸ ಮಾಡ್ತೀನಿ ಹೇಳು ನೋಡೋಣ ಅಂತ ಕೇಳ್ರಿ. ನಾನು ಕನ್ನಡ ಪೇಜ್ ನಮ್ಮ ಅವ್ವಂಗೆ ಓದಿಸಿದ್ದೆ, ಇಷ್ಟು ವರ್ಷ ಅವಳಿಗೆ ಮಗ ಕಂಪ್ಯೂಟರ್‌ನಲ್ಲಿದಾನೆ ಅಂತ ಮಾತ್ರ ಗೊತ್ತಿತ್ತು, ಓದಿ ಆದ ಮೇಲೆ ಕೇಳಿದ್ಲು, "ಹಂಗಾದ್ರ ಆ ಗೋಡೌನ್‌ದಾಗಿನ ಮನಶ್ಯಾ ಈಗ ಲಗೂನ ಮನೀಗೆ ಹೊಕ್ಕಾನೇನು?" ಹೌದವ್ವ ಅಂದೆ. ಆ ವಾಕ್ಯ ಅಲ್ಲಿಂದ ಮೇಲೆ ಬದಲಾಯಿಸಿಲ್ಲ.

ವರ್ಷಕ್ಕೆ ಎರಡು ಸಲ ಪೇಜ್ ತೆರೆದು ತಿದ್ದಿ. ಅಪ್ರೈಸಲ್ ಫಾರ್ಮ್ ತುಂಬೋ ವಾರ ಒಂದ್ಸಲ, ಆಗ ಹೆಂಗಿದ್ರೂ ಎಲ್ಲಾ ನೆನಪಿರ್ತದೆ, ದೀಪಾವಳಿ ರಜೆಗೆ ಊರಿಗೆ ಹೋದಾಗ ಇನ್ನೊಂದ್ಸಲ. ಕೆಳಗೆ ಕೊನೆಗೆ ತಿದ್ದಿದ ತಾರೀಖು ಹಾಕ್ರಿ. ಇವತ್ತೇ ಶುರು ಮಾಡೋರು ಪೂರ್ತಿ ಪೇಜ್ ತನಕ ಕಾಯಬೇಡ್ರಿ, ಮೊದಲ ವಾಕ್ಯ ಮತ್ತೆ ಒಂದು ಕೆಲಸದ ಕಥೆ ಆದ್ರೆ ಅಷ್ಟನ್ನೇ ಮೇಲಕ್ಕೇರಿಸಿ, ಉಳಿದಿದ್ದು ಮುಂದಿನ ಭಾನುವಾರ.